ಅಪರಂಜಿಯೂ ತಾಮ್ರವೂ: ಬೆಂಗಳೂರಿನ ಮನೋಚಿಕಿತ್ಸೆಯಲ್ಲಿ ‘ಆನುಷಂಗಿಕ’ವೆಂಬ ಮಾತಿನ ವಿಮರ್ಶೆ

1918ರ ಸೆಪ್ಟೆಂಬರ್ ತಿಂಗಳಲ್ಲಿ, ಮೊದಲನೆಯ ಮಹಾಯುದ್ಧವು ಇನ್ನೂ ಮುಗಿಯದಿದ್ದಾಗ, ಬುಡಾಪೆಸ್ಟ್ ನಗರದಲ್ಲಿ ನೆರೆದಿದ್ದ ಮನೋವಿಶ್ಲೇಷಕರ ಮುಂದೆ ಸಿಗ್ಮಂಡ್ ಫ್ರಾಯ್ಡನು ಒಂದು ಉಪನ್ಯಾಸವನ್ನು ಮಾಡಿದನು. ಈ ಚಿಕಿತ್ಸೆಯು ಬಡವರಿಗೂ ಉಚಿತವಾಗಿ ದೊರೆಯುವ ಕಾಲವೊಂದು ಬಂದೇ ಬರುವುದೆಂದೂ, ಆಗ ವಿಶ್ಲೇಷಣೆಯೆಂಬ ಚೊಕ್ಕ ಚಿನ್ನಕ್ಕೆ ನೇರ ಸೂಚನೆಯೆಂಬ ತಾಮ್ರವನ್ನು ಹೇರಳವಾಗಿ ಬೆರೆಸಬೇಕಾದೀತೆಂದೂ ಅವನು ಹೇಳಿದ್ದುಂಟು. ಅಂದಿನಿಂದ ಈ ಹೋಲಿಕೆ ಮನೋವಿಶ್ಲೇಷಣೆಯ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ವಿಶ್ಲೇಷಣೆ ಪ್ರಧಾನ, ಅದರ ಜೊತೆಗೆ ಕೊಡುವ ಔಷಧ, ಆಶ್ರಯ, ಕೆಲಸ, ಕುಟುಂಬದವರೊಡನೆ ಮಾತುಕತೆ ಇವೆಲ್ಲ ಆನುಷಂಗಿಕ ಎಂಬ ವರ್ಗೀಕರಣಕ್ಕೆ ಇದೇ ಬುನಾದಿಯಾಗಿದೆ.

ಶಿವಾಜಿನಗರದ ಓಣಿಗಳಲ್ಲಿ ಕುಲುಮೆಯ ಮುಂದೆ ಕುಳಿತ ಅಕ್ಕಸಾಲಿಗನೊಬ್ಬನಿಗೆ ಈ ಹೋಲಿಕೆಯನ್ನು ಹೇಳಿದರೆ ಅವನು ನಕ್ಕಾನು. ಅಪರಂಜಿ ಮೆತ್ತಗಿನ ಲೋಹ. ಅದರಲ್ಲಿ ಬಳೆಯನ್ನು ಮಾಡಿದರೆ ತೊಟ್ಟ ಕೈಯಲ್ಲೇ ಸೊಟ್ಟಗಾಗುತ್ತದೆ. ಇಪ್ಪತ್ತನಾಲ್ಕು ಪಾಲಿನಲ್ಲಿ ಎರಡು ಪಾಲು ಬೆರಕೆ ಇದ್ದರೇನೇ ಒಡವೆ ನಿಲ್ಲುವುದು. ಅವನ ಪಾಲಿಗೆ ತಾಮ್ರವು ಬಡವರಿಗಾಗಿ ಮಾಡಿಕೊಂಡ ರಿಯಾಯಿತಿಯಲ್ಲ, ಒಡವೆಯೆಂಬ ವಸ್ತುವಿನ ಧರ್ಮ. ಇತಿಹಾಸದ ಅಧ್ಯಾಪಕರಾದ ನಮಗೆ ವೈದ್ಯಶಾಸ್ತ್ರದಲ್ಲಿ ಯಾವ ಅಧಿಕಾರವೂ ಇಲ್ಲ. ಆದರೆ ಯಾವುದು ಪ್ರಧಾನ, ಯಾವುದು ಆನುಷಂಗಿಕ ಎಂಬ ತೀರ್ಮಾನವನ್ನು ಯಾರು, ಯಾವಾಗ, ಎಲ್ಲಿ ನಿಂತು ಮಾಡಿದರು ಎಂಬುದು ಇತಿಹಾಸದ ಪ್ರಶ್ನೆಯೇ ಸರಿ. ಬೆಂಗಳೂರಿನ ಮಟ್ಟಿಗೆ, ಅದರಲ್ಲೂ ದಂಡು ಪ್ರದೇಶದ ಮಟ್ಟಿಗೆ, ಆ ತೀರ್ಮಾನವು ತಲೆಕೆಳಗಾಗಿದೆ ಎಂಬುದು ನಮ್ಮ ವಾದ.

ಮೊದಲು ಪದವನ್ನೇ ನೋಡೋಣ. ‘ಆನುಷಂಗಿಕ’ ಎಂದರೆ ಅಂಟಿಕೊಂಡು ಬಂದದ್ದು. ಬಿಟ್ಟರೂ ನಡೆಯುತ್ತದೆ ಎಂಬ ಧ್ವನಿ ಅದಕ್ಕಿದೆ. ನಮ್ಮ ವೈದ್ಯಪರಂಪರೆಯಲ್ಲಿ ಅದಕ್ಕಿಂತ ಹತ್ತಿರದ ಎರಡು ಮಾತುಗಳಿವೆ: ಅನುಪಾನ ಮತ್ತು ಪಥ್ಯ. ಒಂದೇ ಚೂರ್ಣವನ್ನು ಜೇನಿನಲ್ಲಿ ಕೊಟ್ಟರೆ ಒಂದು ಗುಣ, ತುಪ್ಪದಲ್ಲಿ ಕೊಟ್ಟರೆ ಇನ್ನೊಂದು ಗುಣ ಎಂದು ವೈದ್ಯರು ಹೇಳುವರು. ಹಾಗಿರುವಾಗ ಜೇನನ್ನು ಔಷಧದ ಹೊರಗಿನದೆನ್ನುವುದು ಹೇಗೆ? ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರಾಗಿ ವಿಂಗಡಿಸಿದೆ. ಕೊನೆಯದು ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವ ಕ್ರಮ. ಇದನ್ನು ಹಿಡಿದುಕೊಂಡು ಮನೋವಿಶ್ಲೇಷಣೆ ನಮ್ಮಲ್ಲಿ ಮೊದಲೇ ಇತ್ತು ಎಂದು ಸಾರುವವರ ಗುಂಪಿಗೆ ನಾವು ಸೇರಿದವರಲ್ಲ. ದಮನಗೊಂಡ ಇಚ್ಛೆಯನ್ನು ಮಾತಿಗೆ ತರುವುದು ಒಂದು, ಮನಸ್ಸನ್ನು ನಿಗ್ರಹಿಸುವುದು ಮತ್ತೊಂದು. ಎರಡೂ ಒಂದೇ ಎನ್ನುವುದು ಎರಡಕ್ಕೂ ಮಾಡುವ ಅನ್ಯಾಯ. ಆ ಮೂರರಲ್ಲಿ ಒಂದನ್ನು ಒಡೆಯನೆಂದೂ ಉಳಿದೆರಡನ್ನು ಆಳುಗಳೆಂದೂ ಎಣಿಸುವ ಅಗತ್ಯವು ಸಂಹಿತೆಗೆ ತೋರಲಿಲ್ಲ ಎಂಬಷ್ಟೇ ನಮಗೆ ಇಲ್ಲಿ ಪ್ರಸ್ತುತ.

ಭಾರತಕ್ಕೆ ಮನೋವಿಶ್ಲೇಷಣೆ ಬಂದದ್ದು ಕಲ್ಕತ್ತೆಯ ಮೂಲಕ. ಗಿರೀಂದ್ರಶೇಖರ ಬೋಸರು 1922ರಲ್ಲಿ ಅಲ್ಲಿ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಹದಿನೆಂಟು ವರ್ಷಗಳ ತರುವಾಯ, 1940ರಲ್ಲಿ, ಅದೇ ಸಂಘದ ಆಶ್ರಯದಲ್ಲಿ ಲುಂಬಿನಿ ಪಾರ್ಕ್ ಆಸ್ಪತ್ರೆ ಆರಂಭವಾಯಿತು. ಆಸನದ ಮೇಲೆ ಒರಗಿ ಮಾತನಾಡುವ ರೋಗಿಗಷ್ಟೇ ಸಾಲುವ ಶಾಸ್ತ್ರಕ್ಕೆ ಹಾಸಿಗೆ, ಅಡುಗೆಮನೆ, ಶುಶ್ರೂಷಕಿ ಎಲ್ಲವೂ ಬೇಕಾದವು. ಮೈಸೂರು ಸಂಸ್ಥಾನದಲ್ಲಿ ಕ್ರಮವು ಇದಕ್ಕೆ ವಿಪರೀತ. ಇಲ್ಲಿ ಆಸ್ಪತ್ರೆ ಮೊದಲು, ಶಾಸ್ತ್ರ ಆಮೇಲೆ. ಹತ್ತೊಂಬತ್ತನೆಯ ಶತಮಾನದ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರಾಯಿತು. 1954ರ ಡಿಸೆಂಬರ್ 27ರಂದು ಅದರ ಜೊತೆಯಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಪ್ರಾರಂಭವಾಯಿತು. 1974ರಲ್ಲಿ ಎರಡೂ ಕೂಡಿ ಈಗಿನ ನಿಮ್ಹಾನ್ಸ್ ಆಯಿತು. ಈ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೆಳೆಸುವುದಿಲ್ಲ.

ಈ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಡಾ. ಎಂ. ವಿ. ಗೋವಿಂದಸ್ವಾಮಿಯವರ ಕಾಲದ ಒಂದು ಸಂಗತಿ ಮಾತ್ರ ನಮ್ಮ ವಾದಕ್ಕೆ ಬೇಕು. ತತ್ತ್ವಶಾಸ್ತ್ರದಲ್ಲಿಯೂ ಆಯುರ್ವೇದದಲ್ಲಿಯೂ ಆಸಕ್ತರಾಗಿದ್ದ ಅವರೇ 1930ರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಇನ್ಸುಲಿನ್ ಆಘಾತ ಚಿಕಿತ್ಸೆಯನ್ನು ತಂದರು. ಮಿದುಳಿನ ಮುಂಭಾಗದ ಎಳೆಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಯ ಬಗೆಗೆ ಅವರೂ ಶಸ್ತ್ರವೈದ್ಯ ಬಾಲಕೃಷ್ಣ ರಾಯರೂ ಬರೆದ ವರದಿ 1944ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಇಂದು ಕುಳಿತು ಅವರನ್ನು ದೂಷಿಸುವುದು ಸುಲಭ. ಬೇರೆ ಯಾವ ಉಪಾಯವೂ ಇಲ್ಲದೆ ವರ್ಷಗಟ್ಟಲೆ ವಾರ್ಡುಗಳಲ್ಲಿ ಕೊಳೆಯುತ್ತಿದ್ದವರನ್ನು ಕಣ್ಣಾರೆ ಕಂಡ ವೈದ್ಯರ ಆತುರವನ್ನು ಇತಿಹಾಸಕಾರನು ಮರೆಯಬಾರದು.

ಇನ್ಸುಲಿನ್ನಿನ ಮುಂದಿನ ಕಥೆ ಬೋಧಪ್ರದವಾಗಿದೆ. ರೋಗಿಯನ್ನು ದಿನವೂ ಮೂರ್ಛೆಗೊಳಿಸಿ ಎಬ್ಬಿಸುವ ಈ ವಿಧಾನದಿಂದ ಅನೇಕರು ಸುಧಾರಿಸಿದರೆಂಬುದು ಸುಳ್ಳಲ್ಲ. ಆದರೆ 1953ರಲ್ಲಿ ಹೆರಾಲ್ಡ್ ಬೋರ್ನ್ ಎಂಬ ತರುಣ ವೈದ್ಯನು, ಸುಧಾರಣೆಗೆ ಇನ್ಸುಲಿನ್ನೇ ಕಾರಣವೆಂಬುದಕ್ಕೆ ಆಧಾರವೆಲ್ಲಿ ಎಂದು ಪ್ರಶ್ನಿಸಿದನು. 1957ರಲ್ಲಿ ಲಂಡನ್ನಿನಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಕೆಲವರಿಗೆ ಇನ್ಸುಲಿನ್ನಿನ ಮೂರ್ಛೆಯನ್ನೂ, ಕೆಲವರಿಗೆ ಬಾರ್ಬಿಟ್ಯುರೇಟ್ ಔಷಧದ ಮೂರ್ಛೆಯನ್ನೂ ಬರಿಸಿ, ಉಳಿದ ಉಪಚಾರವನ್ನೆಲ್ಲ ಸಮನಾಗಿ ಇಟ್ಟು ನೋಡಲಾಗಿ, ಫಲದಲ್ಲಿ ವ್ಯತ್ಯಾಸವು ಕಾಣಲಿಲ್ಲ. ಹಾಗಾದರೆ ರೋಗಿಗಳನ್ನು ಎಬ್ಬಿಸಿದ್ದು ಯಾವುದು? ಇನ್ಸುಲಿನ್ ಕೊಡುವ ವಾರ್ಡಿನಲ್ಲಿ ಆಯ್ದ ಶುಶ್ರೂಷಕಿಯರಿದ್ದರು. ಪಕ್ಕದಲ್ಲಿ ಕುಳಿತು ನಾಡಿ ಹಿಡಿಯುವವರಿದ್ದರು. ಎಚ್ಚರವಾದೊಡನೆ ಸಿಹಿ ಕುಡಿಸಿ ಹೆಸರಿಡಿದು ಕರೆಯುವವರಿದ್ದರು. ಸಂಜೆಗೆ ಆಟ, ಕೆಲಸ, ಒಡನಾಟಗಳಿದ್ದವು. ಪ್ರಧಾನವೆಂದು ಲೆಕ್ಕದ ಪುಸ್ತಕದಲ್ಲಿ ಬರೆದದ್ದು ನಿಷ್ಫಲವಾಗಿದ್ದು, ಲೆಕ್ಕಕ್ಕೇ ಬಾರದ ಅನುಪಾನವು ಕೆಲಸ ಮಾಡಿರುವ ಸಂಭವವಿದೆ. ಆ ಸಿಹಿಯ ಲೋಟ ಹಿಡಿದು ನಿಂತವರ ಹೆಸರುಗಳನ್ನು ಯಾವ ಪತ್ರಿಕೆಯೂ ಅಚ್ಚುಮಾಡಲಿಲ್ಲ.

ಇಲ್ಲಿಂದ 1964ಕ್ಕೆ ಬರೋಣ. ಆ ವರ್ಷ ಬೆಂಗಳೂರಿನಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡು ಘಟನೆಗಳು ನಡೆದವು. ಅವುಗಳನ್ನು ಒಟ್ಟಿಗೆ ಇಟ್ಟು ಓದಬೇಕೆಂಬುದು ನಮ್ಮ ಸೂಚನೆ. ಮೊದಲನೆಯದು, ಮಾನಸಿಕ ಆರೋಗ್ಯ ಸಂಸ್ಥೆಯ ಡಾ. ಎನ್. ಸಿ. ಸೂರ್ಯ ಮತ್ತು ಎಸ್. ಎಸ್. ಜಯರಾಮ್ ಅವರು ಭಾರತೀಯ ಸನ್ನಿವೇಶದಲ್ಲಿ ಮನೋಚಿಕಿತ್ಸೆಯ ಬಗೆಗೆ ಪ್ರಕಟಿಸಿದ ನಾಲ್ಕೇ ಪುಟಗಳ ಪ್ರಬಂಧ. ನಮ್ಮ ರೋಗಿಯು ತನ್ನ ಒಳಮನಸ್ಸಿನ ವಿವರಣೆಗಿಂತ ಎದುರಿಗಿರುವ ಕಷ್ಟದಲ್ಲಿ ಪ್ರತ್ಯಕ್ಷವಾದ ಆಸರೆಯನ್ನು ಬಯಸುತ್ತಾನೆ, ಅವಲಂಬನವನ್ನು ಅವಮಾನವೆಂದು ಎಣಿಸುವುದಿಲ್ಲ ಎಂಬುದು ಅದರ ಒಂದು ಮುಖ್ಯ ನಿಲುವು. ಇದನ್ನೇ ಮುಂದೆ 1973ರಲ್ಲಿ ಜಸವಂತ ಸಿಂಗ್ ನೇಕಿಯವರು ಗುರುಶಿಷ್ಯ ಸಂಬಂಧದ ಮಾದರಿಯಾಗಿ ಬೆಳೆಸಿದರು. ಎರಡನೆಯ ಘಟನೆ, ದಂಡು ಪ್ರದೇಶದ ವೈದ್ಯರೂ ಪಾದ್ರಿಗಳೂ ಸೇರಿ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದ್ದು. ಒಂದು ಪ್ರಬಂಧ, ಒಂದು ಮನೆ. ಪ್ರಬಂಧವು ಆಸರೆ ಬೇಕೆಂದಿತು. ಕೆಲವು ವರ್ಷಗಳಲ್ಲಿ ಆ ಸಂಸ್ಥೆಯವರು ಪಾಟರಿ ರಸ್ತೆಯಲ್ಲಿ ಆಸರೆಗೆ ಒಂದು ಸೂರನ್ನು ಒದಗಿಸಿದರು.

ದಂಡಿನಲ್ಲಿಯೇ ಇದು ಆದದ್ದು ಏಕೆ? ಕ್ರೈಸ್ತ ಸಂಸ್ಥೆಗಳ ಸಾಂದ್ರತೆ ಒಂದು ಕಾರಣವೆಂಬುದು ಸ್ಪಷ್ಟ. ಭಾಷೆ ಇನ್ನೊಂದು ಕಾರಣವಾಗಿರಬಹುದೆಂದು ನಮಗೆ ತೋರುತ್ತದೆ. 1947ರವರೆಗೆ ಮೈಸೂರು ಸರ್ಕಾರದ ಆಡಳಿತಕ್ಕೆ ಹೊರತಾಗಿದ್ದು, 1949ರಲ್ಲಿ ಪೇಟೆಯೊಡನೆ ಒಂದೇ ನಗರಸಭೆಗೆ ಸೇರಿದ ಈ ಪ್ರದೇಶದಲ್ಲಿ ತಮಿಳು, ದಖನಿ ಉರ್ದು, ಇಂಗ್ಲಿಷ್, ತೆಲುಗು, ಕನ್ನಡ ಇವು ಒಂದೇ ಬೀದಿಯಲ್ಲಿ, ಎಷ್ಟೋ ವೇಳೆ ಒಂದೇ ಬಾಯಲ್ಲಿ, ಕೂಡಿರುತ್ತವೆ. ಮನಸ್ಸಿಗೆ ಬಂದದ್ದನ್ನೆಲ್ಲ ಬಂದಂತೆಯೇ ಹೇಳು ಎಂಬುದು ವಿಶ್ಲೇಷಣೆಯ ಮೂಲಸೂತ್ರ. ಹಲಸೂರಿನ ತರುಣನೊಬ್ಬನು ತಾಯಿಯೊಡನೆ ತಮಿಳಿನಲ್ಲಿ ಜಗಳವಾಡಿ, ಗೆಳೆಯರೊಡನೆ ಕನ್ನಡದಲ್ಲಿ ಹರಟಿ, ಕಛೇರಿಯಲ್ಲಿ ಇಂಗ್ಲಿಷಿನಲ್ಲಿ ತಲೆತಗ್ಗಿಸುವವನಾದರೆ, ಅವನ ದಮನವು ಯಾವ ನುಡಿಯಲ್ಲಿ ಅಡಗಿದೆ? ಇಂಗ್ಲಿಷಿನಲ್ಲಿ ತರಬೇತಾದ ಚಿಕಿತ್ಸಕನ ಮುಂದೆ ಅವನು ಆಡುವ ಮಾತು ಮೊದಲೇ ಒಂದು ಅನುವಾದವಾಗಿರುತ್ತದೆ. ಆದರೆ ನಸುಕಿನಲ್ಲಿ ಏಳುವುದು, ಅಂಗಳ ಗುಡಿಸುವುದು, ಈರುಳ್ಳಿ ಹೆಚ್ಚುವುದು, ಒಂದೇ ಪಂಕ್ತಿಯಲ್ಲಿ ಉಣ್ಣುವುದು ಇವುಗಳಿಗೆ ಅನುವಾದ ಬೇಡ. ಬಹುಭಾಷೆಯ ಊರಿನಲ್ಲಿ ಆನುಷಂಗಿಕವು ಮಾತಿಗಿಂತ ಮೊದಲು ಕೆಲಸಕ್ಕೆ ತೊಡಗುತ್ತದೆ. ಮಾತು ಅದರ ಬೆನ್ನಿಗೆ ಬರಬಹುದು.

ಪಾಟರಿ ರಸ್ತೆಗೆ ಆ ಹೆಸರು ಬಂದದ್ದು ಕುಂಬಾರರ ವಾಸದಿಂದ. ಸುತ್ತಲ ಫ್ರೇಜರ್ ಟೌನ್ ಮೊದಲಾದ ಬಡಾವಣೆಗಳು 1898ರ ಪ್ಲೇಗಿನ ತರುವಾಯ, ಗಾಳಿ ಬೆಳಕಿನ ಆರೋಗ್ಯಕರ ವಸತಿಗೆಂದು ರೂಪುಗೊಂಡವು. ಇಲ್ಲಿ 1970ರ ದಶಕದ ಆರಂಭದಲ್ಲಿ ಆ ಸಂಸ್ಥೆಯು ತೆರೆದ ‘ಅರ್ಧದಾರಿಯ ಮನೆ’ಯನ್ನು ದೇಶದಲ್ಲಿಯೇ ಆ ಬಗೆಯ ಮೊದಲ ಪ್ರಯತ್ನಗಳಲ್ಲಿ ಎಣಿಸುತ್ತಾರೆ. ಆಸ್ಪತ್ರೆಯಿಂದ ಹೊರಟವನು ಮನೆ ಸೇರುವ ಮುನ್ನ ಕೆಲವು ತಿಂಗಳು ತಂಗುವ ಎಡೆ ಅದು.

ಅದರ ಬೆಲೆಯನ್ನು ತಿಳಿಯಲು ಅದೇ ಕಾಲದ ಒಂದು ಕಲಾಕೃತಿಯನ್ನು ನೋಡಬೇಕು. ಮೈಸೂರಿನಲ್ಲಿ ಮನಃಶಾಸ್ತ್ರವನ್ನು ಅಭ್ಯಾಸಮಾಡಿ, 1963ರಲ್ಲಿ ಅಕಾಲಮರಣಕ್ಕೆ ತುತ್ತಾದ ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ಚಿತ್ರವಾಗಿಸಿದರು. ಕಥೆಯ ಕಾವೇರಿ ಬಾಣಂತನದ ತರುವಾಯ ಬುದ್ಧಿಭ್ರಮಣೆಗೆ ಒಳಗಾಗುತ್ತಾಳೆ, ಆಸ್ಪತ್ರೆಯಲ್ಲಿ ವಾಸಿಯಾಗುತ್ತಾಳೆ, ಮನೆಗೆ ಮರಳಿದಾಗ ಗಂಡನೂ ನೆರೆಹೊರೆಯೂ ಅವಳ ಪ್ರತಿಯೊಂದು ಮಾತಿನಲ್ಲಿ, ನಗುವಿನಲ್ಲಿ ಹುಚ್ಚಿನ ಗುರುತನ್ನೇ ಹುಡುಕುತ್ತಾರೆ, ಅವಳು ಮತ್ತೆ ಕುಸಿಯುತ್ತಾಳೆ. ನಮ್ಮ ವಿಮರ್ಶಕರು ಈ ಕೃತಿಯನ್ನು ಸ್ತ್ರೀಯ ಸಂಕಟದ ಚಿತ್ರವೆಂದು ಓದಿದ್ದಾರೆ, ಅದು ಸರಿಯೇ. ಆದರೆ ಚಿಕಿತ್ಸೆಯ ಇತಿಹಾಸಕ್ಕೂ ಅದು ಒಂದು ದಾಖಲೆ ಎಂಬುದನ್ನು ಗಮನಿಸಿದವರು ವಿರಳ. ಕಾವೇರಿಯ ಆಸ್ಪತ್ರೆಗೂ ಕಾವೇರಿಯ ಮನೆಗೂ ನಡುವೆ ಒಂದು ಅಂಗುಲ ನೆಲವಿಲ್ಲ. ಪ್ರಧಾನ ಚಿಕಿತ್ಸೆ ಯಶಸ್ವಿಯಾಯಿತು, ರೋಗಿ ಹಾಳಾದಳು. ಚಿತ್ರಮಂದಿರಗಳಲ್ಲಿ ಜನರು ಕಣ್ಣೀರಿಡುತ್ತಿದ್ದ ಕಾಲದಲ್ಲಿಯೇ ದಂಡಿನ ಒಂದು ಬೀದಿಯಲ್ಲಿ ಆ ನಡುವಣ ನೆಲವನ್ನು ಸಿದ್ಧಪಡಿಸುವ ಪ್ರಯತ್ನವು ಸದ್ದಿಲ್ಲದೆ ನಡೆದಿತ್ತು. (ಕನ್ನಡ ಓದುಗರಿಗೆ ಮನೋವೈದ್ಯದ ಪರಿಚಯ ಕಾದಂಬರಿಕಾರ್ತಿಯಿಂದಲೂ, ‘ಕೊರವಂಜಿ’ಯ ಹಾಸ್ಯಗಾರ ರಾಶಿಯವರಿಂದಲೂ ಆದದ್ದು ವಿನೋದದ ಸಂಗತಿ. ರಾಶಿಯವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.)

ಇಷ್ಟು ಹೇಳಿದ ಮಾತ್ರಕ್ಕೆ, ಎಲ್ಲವನ್ನೂ ಬೆರೆಸಿಬಿಟ್ಟರೆ ಒಳ್ಳೆಯದಾಗುತ್ತದೆ ಎಂದು ವಾಚಕರು ಭಾವಿಸಬಾರದು. ಬೆರಕೆಗೂ ಒಂದು ಶಾಸ್ತ್ರವಿದೆ. ಮನೆಯ ಮೇಲ್ವಿಚಾರಕಿಯ ಮೇಲೆ ನಿವಾಸಿಗೆ ಹುಟ್ಟುವ ಕೋಪವು ಅವನ ತಾಯಿಯ ಮೇಲಿನದಾಗಿರಬಹುದು. ಕಾಫಿಯ ಲೋಟಕ್ಕಾಗಿ ನಡೆದ ಜಗಳವೇ ಮರುದಿನದ ವಿಶ್ಲೇಷಣೆಗೆ ವಸ್ತುವಾಗಬಹುದು. ಅವನು ಮೇಲ್ವಿಚಾರಕಿಯನ್ನು ದೇವತೆಯೆಂದೂ ವೈದ್ಯನನ್ನು ರಾಕ್ಷಸನೆಂದೂ ಬಗೆದರೆ, ಅವರಿಬ್ಬರೂ ಅದನ್ನು ನಂಬಿ ಪರಸ್ಪರ ಮಾತು ಬಿಟ್ಟರೆ, ಎರಡು ಚಿಕಿತ್ಸೆಗಳು ಕೂಡಿ ಒಂದು ರೋಗವಾಗುತ್ತದೆ. ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ವಿಶ್ಲೇಷಣೆಯನ್ನೂ ವಾರ್ಡಿನ ದೈನಂದಿನ ಜೀವನವನ್ನೂ ಹೆಣೆದ ಟಾಮ್ ಮೇನ್ ಎಂಬ ವೈದ್ಯನು 1957ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಕೆಲವು ರೋಗಿಗಳ ಸುತ್ತ ಶುಶ್ರೂಷಕಿಯರೇ ಎರಡು ಪಕ್ಷವಾಗಿ ಒಡೆದು ಹೋದುದನ್ನು ನಿರ್ದಾಕ್ಷಿಣ್ಯವಾಗಿ ವಿವರಿಸಿದ್ದಾನೆ. ನಮ್ಮಲ್ಲಿ 1979ರಲ್ಲಿ ಜೆಸ್ವಿಟ್ ಪಾದ್ರಿ ಹ್ಯಾಂಕ್ ನನ್ ಅವರು ಸ್ಥಾಪಿಸಿದ ಆತ್ಮಶಕ್ತಿ ವಿದ್ಯಾಲಯ, 1986ರಲ್ಲಿ ಬಂದ ರಿಚ್ಮಂಡ್ ಫೆಲೋಷಿಪ್, 1994ರಿಂದ ಇಂದಿರಾನಗರದಲ್ಲಿ ಆಪ್ತಸಮಾಲೋಚನೆಯ ತರಬೇತಿಯನ್ನು ಕೊಡುತ್ತ ಬಂದಿರುವ ಪರಿವರ್ತನ್ ಇವುಗಳ ಚರಿತ್ರೆಯನ್ನು ಬರೆಯುವವರು ಕಟ್ಟಡ ಮತ್ತು ದಾನಿಗಳ ಪಟ್ಟಿಯನ್ನು ಬಿಟ್ಟು ಈ ಒಳಜಗಳಗಳ ಚರಿತ್ರೆಯನ್ನು ಬರೆದರೆ ಉಪಕಾರವಾದೀತು.

ಬೆರಕೆಯೇ ಬೇಡವೆಂದ ಹಟಕ್ಕೂ ತೆತ್ತ ಬೆಲೆಯುಂಟು. 1979ರಲ್ಲಿ ಅಮೆರಿಕದ ಚೆಸ್ಟ್‌ನಟ್ ಲಾಡ್ಜ್ ಎಂಬ ಪ್ರಸಿದ್ಧ ವಿಶ್ಲೇಷಣಾಲಯದಲ್ಲಿ ರಾಫೆಲ್ ಓಷೆರೋಫ್ ಎಂಬ ವೈದ್ಯನನ್ನು, ತೀವ್ರ ಖಿನ್ನತೆಯಲ್ಲಿದ್ದರೂ, ಔಷಧವಿಲ್ಲದೆ ಸುಮಾರು ಏಳು ತಿಂಗಳು ಇರಿಸಿಕೊಂಡರು. ಬೇರೆ ಆಸ್ಪತ್ರೆಗೆ ಸೇರಿ ಔಷಧ ತೆಗೆದುಕೊಂಡ ಕೆಲವೇ ತಿಂಗಳಲ್ಲಿ ಅವನು ಚೇತರಿಸಿಕೊಂಡನು. 1982ರಲ್ಲಿ ಹೂಡಿದ ದಾವೆ 1987ರಲ್ಲಿ ರಾಜಿಯಲ್ಲಿ ಮುಗಿಯಿತು. ಅಂದಿನಿಂದ ಅಪರಂಜಿಯ ಪಕ್ಷದವರು ತಗ್ಗಿದ ದನಿಯಲ್ಲಿ ಮಾತನಾಡುತ್ತಾರೆ. ಆದರೆ ಔಷಧದ ಪಕ್ಷದವರೂ ಗೆದ್ದೆವೆಂದು ಬೀಗುವಂತಿಲ್ಲ. 2015ರಲ್ಲಿ ಪ್ರಕಟವಾದ ಲಂಡನ್ನಿನ ಟ್ಯಾವಿಸ್ಟಾಕ್ ಅಧ್ಯಯನದಲ್ಲಿ, ಹಿಂದಿನ ಚಿಕಿತ್ಸೆಗಳು ಫಲಿಸದೆ ದೀರ್ಘಕಾಲ ಖಿನ್ನರಾಗಿದ್ದ 129 ಮಂದಿಯಲ್ಲಿ ಒಂದು ಪಾಲಿಗೆ ರೂಢಿಯ ಚಿಕಿತ್ಸೆಯನ್ನು ಮಾತ್ರ, ಇನ್ನೊಂದು ಪಾಲಿಗೆ ಅದರ ಜೊತೆಗೆ ವಾರಕ್ಕೊಮ್ಮೆಯಂತೆ 18 ತಿಂಗಳು ಮನೋವಿಶ್ಲೇಷಣ ಚಿಕಿತ್ಸೆಯನ್ನು ಕೊಡಲಾಯಿತು. ಚಿಕಿತ್ಸೆ ಮುಗಿದಾಗ ಭಾಗಶಃ ಉಪಶಮನ ಪಡೆದವರು ವಿಶ್ಲೇಷಣೆಯ ಗುಂಪಿನಲ್ಲಿ ಶೇಕಡ 32.1, ಇನ್ನೊಂದರಲ್ಲಿ 23.9; ಗಣನೀಯ ಅಂತರವಲ್ಲ. ಆದರೆ 42ನೆಯ ತಿಂಗಳಲ್ಲಿ ನೋಡಿದರೆ ಶೇಕಡ 30 ಮತ್ತು 4.4! ಫಲವು ತಡವಾಗಿ ಬಂದಿತು, ಬಂದದ್ದು ಉಳಿಯಿತು. ನಮ್ಮ ಕಣ್ಣಿಗೆ ಬೀಳುವುದು ಇನ್ನೊಂದು ಅಂಶ: ಈ ಪ್ರಯೋಗದಲ್ಲಿ ವಿಶ್ಲೇಷಣೆಯೇ ಆನುಷಂಗಿಕ. ಬುಡಾಪೆಸ್ಟಿನಲ್ಲಿ ಚಿನ್ನವೆನಿಸಿದ್ದು ಒಂದು ಶತಮಾನದೊಳಗೆ ತಾಮ್ರದ ಸ್ಥಾನಕ್ಕೆ ಬಂದು, ಒಡವೆಯನ್ನು ಗಟ್ಟಿಮಾಡಿತು.

ಇನ್ನು ದೈವದ ಪ್ರಶ್ನೆ. ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬದಲ್ಲಿ ಶಿವಾಜಿನಗರದ ಬೆಸಿಲಿಕದ ಮುಂದೆ ನೆರೆಯುವ, ಎಲ್ಲ ಮತಗಳಿಗೂ ಸೇರಿದ ಜನಸ್ತೋಮದಲ್ಲಿ ಔಷಧದ ಚೀಟಿಯನ್ನೂ ಹರಕೆಯ ಮೇಣದಬತ್ತಿಯನ್ನೂ ಒಂದೇ ಕೈಚೀಲದಲ್ಲಿ ತಂದವರು ಇಲ್ಲದಿರಲಾರರು. ಅವರಿಗೆ ಪ್ರಧಾನ-ಆನುಷಂಗಿಕಗಳ ತರ್ಕ ಬೇಕಿಲ್ಲ. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ವರದಿಮಾಡಿದರು. ಸರಾಸರಿ ಆರು ವಾರಗಳ ವಾಸದ ಕೊನೆಯಲ್ಲಿ ರೋಗಲಕ್ಷಣಗಳ ಅಂಕವು 52.9ರಿಂದ 42.9ಕ್ಕೆ ಇಳಿದಿತ್ತು. ಅಲ್ಲಿ ವಿಶೇಷವಾದ ಮಂತ್ರತಂತ್ರವೇನೂ ಇರಲಿಲ್ಲ; ಹೆದರಿಸದ, ಹಂಗಿಸದ ಆಶ್ರಯವಿತ್ತು. ಹೋಲಿಸಿ ನೋಡಲು ಬೇರೊಂದು ಗುಂಪು ಇಲ್ಲದ್ದರಿಂದ ಈ ಅಧ್ಯಯನವು ಹೆಚ್ಚಿನದನ್ನು ಸಾಧಿಸಲಾರದು. ಅದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಎರವಾಡಿಯಲ್ಲಿ ದರ್ಗಾದ ಸಮೀಪ ಖಾಸಗಿಯವರು ನಡೆಸುತ್ತಿದ್ದ ಆಶ್ರಯದಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ 28 ಮಂದಿ ಸುಟ್ಟು ಸತ್ತರು. ಎರಡೂ ಕಡೆ ದೈವಸನ್ನಿಧಿಯೇ. ಭೇದವಿದ್ದದ್ದು ಸರಪಳಿಯಲ್ಲಿ.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮದಲ್ಲಿ ಅರ್ಧದಾರಿಯ ಮನೆಗಳನ್ನು ಸರ್ಕಾರವು ಒದಗಿಸಬೇಕಾದ ಸೇವೆಗಳಲ್ಲಿ ಹೆಸರಿಸಿದೆ. ಆನುಷಂಗಿಕವು ಹೀಗೆ ಹಕ್ಕಿನ ಪಟ್ಟಿಗೆ ಏರಿತು. ಇತಿಹಾಸದ ಆಕರಗಳು ಮಾತ್ರ ಇನ್ನೂ ಹಿಂದೆ ಉಳಿದಿವೆ. ಬ್ರಿಟಿಷ್ ಭಾರತದ ಹುಚ್ಚಾಸ್ಪತ್ರೆಗಳ ವಾರ್ಷಿಕ ವರದಿಗಳನ್ನು ಬಿಡಿಸಿದರೆ ಸೇರಿದವರು, ಗುಣವಾದವರು, ಸತ್ತವರು ಎಂಬ ಅಂಕಣಗಳ ನಡುವೆ, ಬಂಧುಮಿತ್ರರ ವಶಕ್ಕೆ ಒಪ್ಪಿಸಿದವರು ಎಂಬ ಇನ್ನೊಂದು ಅಂಕಣವು ಸಿಗುತ್ತದೆ. ಅದರಲ್ಲಿ ಒಂದು ಅಂಕಿ ಇರುತ್ತದೆ, ಆಮೇಲೆ ಏನೂ ಇರುವುದಿಲ್ಲ. ಆ ಬಂಧುಗಳು ಯಾರು, ಬಾಗಿಲು ತೆರೆದರೋ ಇಲ್ಲವೋ, ಊಟಕ್ಕೆ ಯಾರ ಪಕ್ಕದಲ್ಲಿ ಕುಳ್ಳಿರಿಸಿದರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಹುಡುಕಬೇಕಾದರೆ ದಾಖಲೆಗಳ ಭಂಡಾರವನ್ನು ಬಿಟ್ಟು ಶಿವಾಜಿನಗರದ, ಹಲಸೂರಿನ, ಕೃಷ್ಣರಾಜಪುರದ ಹಳೆಯ ಮನೆಗಳ ಜಗಲಿಗೆ ಹೋಗಬೇಕಾಗುತ್ತದೆ. ಹೋಗುವವರಿಗೆ ತಮಿಳೂ ಉರ್ದುವೂ ತಿಳಿದಿರಬೇಕು.